ಶಾಲಾ ಶಿಕ್ಷಕರಿಗೆ ಲಿಬ್ರೆಆಫೀಸ್ ಸಾಕೇ? ತರಬೇತಿ ಕೊಡುವವರ ಕಣ್ಣಿನಿಂದ ಒಂದು ವಿಮರ್ಶೆ

ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಆಗೊಮ್ಮೆ ಈಗೊಮ್ಮೆ ಪಾಠಕ್ಕೆ ನಾಲ್ಕು ಸ್ಲೈಡು. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಆಫೀಸ್ ತಂತ್ರಾಂಶದಿಂದ ಆಗಬೇಕಾದ ಕೆಲಸ ಹೆಚ್ಚುಕಡಿಮೆ ಇಷ್ಟೇ. ಇಷ್ಟಕ್ಕೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಆದರೆ ಮೆನುಗಳನ್ನು ಒಂದೊಂದಾಗಿ ಪರಿಚಯಿಸುತ್ತ ಹೋಗುವ ತರಬೇತಿಯಿಂದ ಯಾರಿಗೂ ಏನೂ ದಕ್ಕುವುದಿಲ್ಲ. ಮೊದಲು ಕನ್ನಡದ ಸೆಟ್ಟಿಂಗ್, ಆಮೇಲೆ ಪ್ರಶ್ನೆಪತ್ರಿಕೆ, ಅದರ ಬೆನ್ನಿಗೇ ಅಂಕಪಟ್ಟಿ, ಕೊನೆಗೆ ಸ್ಲೈಡು: ಈ ಕ್ರಮ ತಪ್ಪಿದರೆ ತಂತ್ರಾಂಶ ಎಷ್ಟೇ ಒಳ್ಳೆಯದಿದ್ದರೂ ಶಾಲೆಗೆ ಮರಳಿದ ಮೇಲೆ ಅದನ್ನು ತೆರೆಯುವವರಿರುವುದಿಲ್ಲ.

ಲಿಬ್ರೆಆಫೀಸ್ 2010ರ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್ ಎಂಬ ಇಂಥದ್ದೇ ಉಚಿತ ತಂತ್ರಾಂಶದಿಂದ ಕವಲೊಡೆದ ಯೋಜನೆ. ಈಗ ಅದನ್ನು ನೋಡಿಕೊಳ್ಳುತ್ತಿರುವುದು ದಿ ಡಾಕ್ಯುಮೆಂಟ್ ಫೌಂಡೇಶನ್. ದುಡ್ಡಿಲ್ಲ, ಲೈಸೆನ್ಸ್ ಕೀ ಇಲ್ಲ, ಪೆನ್‌ಡ್ರೈವ್‌ನಲ್ಲಿ ಹಂಚಿದರೆ ತಪ್ಪಿಲ್ಲ. ತರಬೇತಿಗೆ ಇದು ದೊಡ್ಡ ಅನುಕೂಲ: ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಲ್ಯಾಬ್‌ನಲ್ಲಿ ಕಲಿತದ್ದೇ ಶಾಲೆಯ ಕಂಪ್ಯೂಟರಿನಲ್ಲೂ ಮನೆಯ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ಕೇರಳದ ಶಾಲೆಗಳಲ್ಲಿ ವಿಂಡೋಸ್ ಬದಲಿಗೆ ಬಳಸುವ ಉಚಿತ ಉಬುಂಟು ಜೊತೆಗೆ ಇದೇ ಬಳಕೆಯಲ್ಲಿದೆ. ನಮ್ಮಲ್ಲೂ ವಿಷಯ ಶಿಕ್ಷಕರ ವೇದಿಕೆಯ (ಒಂದೇ ವಿಷಯ ಕಲಿಸುವ ಶಿಕ್ಷಕರ ಬಳಗದ) ತರಬೇತಿಗಳು ಇದೇ ದಾರಿ ಹಿಡಿದಿದ್ದವು. ವಿಂಡೋಸ್‌ಗೆ ಬೇಕಾದ ಇನ್‌ಸ್ಟಾಲರ್ ಸುಮಾರು 350 ಎಂಬಿ. ತರಬೇತಿಗೆ ಮುಂಚೆಯೇ ಇಳಿಸಿಟ್ಟುಕೊಳ್ಳಿ. ಲ್ಯಾಬ್‌ನ ನೆಟ್ ನಂಬಿಕೊಂಡು ಮೂವತ್ತು ಜನ ಒಟ್ಟಿಗೆ ಡೌನ್‌ಲೋಡ್‌ಗೆ ಕೂತರೆ ಬೆಳಗಿನ ಅವಧಿ ಅಲ್ಲಿಗೇ ಮುಗಿಯಿತು. ಹಳೆಯ ಲ್ಯಾಬ್‌ಗಳಲ್ಲಿ ವಿಂಡೋಸ್ 7 ಇನ್ನೂ ಉಳಿದುಕೊಂಡಿರುತ್ತದೆ. ಆವೃತ್ತಿ 25.8ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಂತಿರುವುದರಿಂದ ಅಂಥ ಯಂತ್ರಗಳಿಗೆ 25.2 ಆವೃತ್ತಿಯನ್ನು ಬೇರೆಯಾಗಿ ಇಟ್ಟುಕೊಂಡಿರಬೇಕು.

ಮೊದಲ ಅರ್ಧ ದಿನ ಪೂರ್ತಿ ಕೀಲಿಮಣೆ ಮತ್ತು ಸೆಟ್ಟಿಂಗ್‌ಗೆ ಮೀಸಲಿಡಿ. ಬಹುಪಾಲು ಶಿಕ್ಷಕರ ಹತ್ತಿರ ಇರುವ ಹಳೆಯ ಕಡತಗಳು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಆಸ್ಕಿ ಫಾಂಟಿನವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಅದನ್ನು ಲಿಬ್ರೆಆಫೀಸ್‌ನ ದೋಷ ಎಂದುಕೊಂಡು ಕೈಬಿಡುವವರು ಬಹಳ. ಕಡತದೊಳಗೆ ಇರುವುದೇ ಲ್ಯಾಟಿನ್ ಸಂಕೇತಗಳು, ಫಾಂಟ್ ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸುತ್ತಿತ್ತು ಅಷ್ಟೆ. ಇದು ಒಮ್ಮೆ ಅರ್ಥವಾದರೆ, ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಕೊಡುವ ಯೂನಿಕೋಡ್ ಯಾಕೆ ಬೇಕು ಎಂದು ಮತ್ತೆ ಹೇಳಬೇಕಾಗುವುದಿಲ್ಲ. ಇನ್ನೂ ಸಂಶಯವಿದ್ದರೆ ಆಸ್ಕಿಯಲ್ಲಿ ಬರೆದ ಹೆಸರುಗಳ ಪಟ್ಟಿಯನ್ನು ಲಿಬ್ರೆಆಫೀಸ್‌ನ ಲೆಕ್ಕದ ಹಾಳೆಯಾದ ಕ್ಯಾಲ್ಕ್‌ನಲ್ಲಿ ಅಕಾರಾದಿಯಾಗಿ ಜೋಡಿಸಿ ತೋರಿಸಿ, ಕ್ರಮ ಅಡ್ಡಾದಿಡ್ಡಿಯಾಗಿ ಬರುತ್ತದೆ. ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಬಹುದು. ಆದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು, ಒಮ್ಮೆ ಓದಿ ನೋಡಲೇಬೇಕು. ನುಡಿಯ ಕೀಲಿ ವಿನ್ಯಾಸ ಕೈಗೆ ಕೂತವರಿಗೆ ಹೊಸದಾಗಿ ಕಲಿಯುವ ಕಷ್ಟವಿಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆಯಿದೆ, ಉಬುಂಟುವಿನಲ್ಲಿ ಕಗಪ ಹೆಸರಿನ ವಿನ್ಯಾಸವಿದೆ. ವಿಂಡೋಸ್‌ನಲ್ಲಿ ಭಾಷೆಗಳ ನಡುವೆ ಜಿಗಿಯಲು ವಿಂಡೋಸ್ ಕೀ ಜೊತೆ ಸ್ಪೇಸ್‌ಬಾರ್ ಒತ್ತಿದರಾಯಿತು.

ಇನ್ನು ಲಿಬ್ರೆಆಫೀಸ್ ಹೊಸಬರನ್ನು ನಿಜಕ್ಕೂ ಸತಾಯಿಸುವ ಜಾಗ. ಫಾಂಟ್ ಗಾತ್ರ 14 ಆರಿಸಿ ಕನ್ನಡ ಟೈಪ್ ಮಾಡುತ್ತೀರಿ, ಅಕ್ಷರ 12ರಲ್ಲೇ ಬೀಳುತ್ತದೆ. ಕಾರಣ, ಈ ತಂತ್ರಾಂಶ ಪ್ರತಿ ಪ್ಯಾರಾಕ್ಕೂ ಲಿಪಿಗೆ ತಕ್ಕಂತೆ ಫಾಂಟ್‌ಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ: ಇಂಗ್ಲಿಷಿನಂಥ ಲಿಪಿಗಳಿಗೆ ಒಂದು, ಕನ್ನಡದಂಥ ಸಂಕೀರ್ಣ ಲಿಪಿಗಳಿಗೆ ಇನ್ನೊಂದು. ನೀವು ಬದಲಿಸಿದ್ದು ಮೊದಲನೆಯದನ್ನು. ಇದಕ್ಕೆ ಎರಡು ಕಡೆ ಕೈಯಾಡಿಸಬೇಕು. ಟೂಲ್ಸ್‌ನಲ್ಲಿ ಆಪ್ಷನ್ಸ್ ತೆರೆದು, ಭಾಷೆಗಳ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎದುರು ಕನ್ನಡ ಆರಿಸಿ. ಆಮೇಲೆ ಕಡತದಲ್ಲಿ ಎಫ್11 ಒತ್ತಿ, ಡಿಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ಮೇಲೆ ಬಲಕ್ಲಿಕ್ ಮಾಡಿ ಎಡಿಟ್‌ಗೆ ಹೋಗಿ, ಫಾಂಟ್ ಟ್ಯಾಬ್‌ನಲ್ಲಿ ಎರಡೂ ಭಾಗಗಳಿಗೆ ಒಂದೇ ಗಾತ್ರ ಕೊಡಿ. ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ ಅಥವಾ ನವಿಲು ಚೆನ್ನಾಗಿ ಕೂರುತ್ತದೆ. ಹೀಗೆ ಸಿದ್ಧಪಡಿಸಿದ ಖಾಲಿ ಕಡತವನ್ನು ಟೆಂಪ್ಲೇಟ್ ಆಗಿ ಉಳಿಸಿ ಡಿಫಾಲ್ಟ್ ಮಾಡಿಬಿಟ್ಟರೆ ಈ ಕಾಟ ಮತ್ತೆ ಬರುವುದಿಲ್ಲ. ತರಬೇತುದಾರರು ಇದನ್ನು ಮೊದಲೇ ತಯಾರು ಮಾಡಿಕೊಂಡು ಹೋಗಬೇಕು. ಮೆನುಗಳನ್ನು ಕನ್ನಡದಲ್ಲಿ ನೋಡುವ ಆಯ್ಕೆಯೂ ಇದೆ, ಆದರೆ ಅನುವಾದ ಪೂರ್ತಿಯಾಗಿಲ್ಲದ್ದರಿಂದ ನಡುನಡುವೆ ಇಂಗ್ಲಿಷ್ ಇಣುಕುತ್ತದೆ. ಸದ್ಯಕ್ಕೆ ಇಂಗ್ಲಿಷ್ ಮೆನು ಇಟ್ಟು ಕನ್ನಡದಲ್ಲಿ ವಿವರಿಸುವುದೇ ವಾಸಿ.

ಬರವಣಿಗೆಯ ಭಾಗವಾದ ರೈಟರ್‌ನಲ್ಲಿ ಕಲಿಸಬೇಕಾದದ್ದು ಪ್ರಶ್ನೆಪತ್ರಿಕೆಯೊಂದನ್ನೇ, ಬೇರೆಲ್ಲ ಅದರೊಳಗೆ ಬಂದುಹೋಗುತ್ತದೆ. ಅಂಕಗಳನ್ನು ಬಲ ಅಂಚಿಗೆ ತರಲು ಎಲ್ಲರೂ ಸ್ಪೇಸ್‌ಬಾರ್ ಬಡಿಯುತ್ತಾರೆ. ಫಾಂಟ್ ಬದಲಾದ ಕೂಡಲೇ ಅಥವಾ ಇನ್ನೊಂದು ಯಂತ್ರದಲ್ಲಿ ತೆರೆದಾಗ ಆ ಅಂಕಗಳು ಮುಂದಿನ ಸಾಲಿಗೆ ಜಾರುತ್ತವೆ. ಬಲ ಟ್ಯಾಬ್ ಕಲಿಸಿ: ಎ4 ಹಾಳೆಯ ಅಗಲ 21 ಸೆಂ.ಮೀ., ಎರಡೂ ಕಡೆ 2 ಸೆಂ.ಮೀ. ಅಂಚು ಕಳೆದರೆ 17 ಉಳಿಯುತ್ತದೆ. ಫಾರ್ಮ್ಯಾಟ್, ಪ್ಯಾರಾಗ್ರಾಫ್, ಟ್ಯಾಬ್ಸ್‌ಗೆ ಹೋಗಿ 17 ಸೆಂ.ಮೀ.ನಲ್ಲಿ ರೈಟ್ ಬಗೆಯ ಟ್ಯಾಬ್ ಇಟ್ಟರೆ, ಪ್ರಶ್ನೆ ಬರೆದು ಒಂದು ಸಲ ಟ್ಯಾಬ್ ಒತ್ತಿ ಅಂಕ ಬರೆದರೆ ಸಾಕು. ಬಹು ಆಯ್ಕೆಯ ನಾಲ್ಕು ಉತ್ತರಗಳು ಒಂದೇ ಸಾಲಿನಲ್ಲಿ ಬರಬೇಕಿದ್ದರೆ 4.25, 8.5 ಮತ್ತು 12.75 ಸೆಂ.ಮೀ.ಗೆ ಎಡ ಟ್ಯಾಬ್‌ಗಳು.

ಬರೆದದ್ದನ್ನು ತಾನೇ ತಿದ್ದುವ ಆಟೋಕರೆಕ್ಟ್ ಇಲ್ಲಿ ದೊಡ್ಡ ತಲೆನೋವು. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಕಂಸದೊಳಗೆ ಸಿ ಎಂದು ಆಯ್ಕೆ ಬರೆದು ಸ್ಪೇಸ್ ಕೊಟ್ಟರೆ ಅದು ಕಾಪಿರೈಟ್ ಚಿಹ್ನೆಯಾಗಿ ಕೂರುತ್ತದೆ. 1 ಬರೆದು ಚುಕ್ಕಿಯಿಟ್ಟು ಸಾಲು ಮುಗಿಸಿದರೆ ತಾನೇ ಪಟ್ಟಿ ಶುರುಮಾಡಿ, ಮುಂದಿನ ವಿಭಾಗದ ಸಂಖ್ಯೆಗಳನ್ನೆಲ್ಲ ತನ್ನಿಷ್ಟದಂತೆ ಮುಂದುವರಿಸುತ್ತದೆ. ಆ ಕ್ಷಣದಲ್ಲೇ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಬದಲಾವಣೆ ಮಾತ್ರ ರದ್ದಾಗುತ್ತದೆ, ಬರೆದದ್ದು ಉಳಿಯುತ್ತದೆ. ಶಾಶ್ವತವಾಗಿ ನಿಲ್ಲಿಸಲು ಟೂಲ್ಸ್‌ನ ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ಆ ಎರಡನ್ನೂ ತೆಗೆಯಿರಿ. ಕನ್ನಡದ ಕೆಳಗೆಲ್ಲ ಕೆಂಪು ಗೆರೆ ಬರುತ್ತಿದ್ದರೆ ಭಾಷೆ ಹಿಂದಿಯೋ ಇನ್ನೊಂದೋ ಆಗಿದೆ ಎಂದು ಅರ್ಥ, ಮೇಲೆ ಹೇಳಿದ ಸೆಟ್ಟಿಂಗ್ ನೋಡಿ. ಗಣಿತದವರಿಗೆ ಸೂತ್ರಗಳ ಸಂಪಾದಕ ಒಂದು ವರ: 3, ಓವರ್, 4 ಎಂದು ಇಂಗ್ಲಿಷಿನಲ್ಲಿ ಬರೆದರೆ ಭಿನ್ನರಾಶಿ ತಾನಾಗಿ ಮೇಲೆ ಕೆಳಗೆ ಕೂರುತ್ತದೆ. ಮುದ್ರಣಕ್ಕೆ ಹೋಗುವ ಮುನ್ನ ಪಿಡಿಎಫ್ ಮಾಡುವುದು ಕಡ್ಡಾಯ. ಜೆರಾಕ್ಸ್ ಅಂಗಡಿಯ ಯಂತ್ರದಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ.

ಇಡೀ ಪೊಟ್ಟಣದಲ್ಲಿ ಶಿಕ್ಷಕರಿಗೆ ಹೆಚ್ಚು ಸಮಯ ಉಳಿಸುವುದು ಕ್ಯಾಲ್ಕ್. ಎ ಕಾಲಮ್‌ಗೆ ಕ್ರಮಸಂಖ್ಯೆ, ಬಿಗೆ ಹೆಸರು, ಸಿಯಿಂದ ಎಚ್‌ವರೆಗೆ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಪರಿವರ್ತಿತ ಅಂಕ, ಐಗೆ ಒಟ್ಟು, ಜೆಗೆ ಶ್ರೇಣಿ. ಒಟ್ಟು ತೆಗೆಯಲು ಸಿ2+ಡಿ2 ಎಂದು ಕೂಡುತ್ತ ಹೋಗುವ ಅಭ್ಯಾಸ ಬಿಡಿಸಬೇಕು. ಗೈರಾದ ಮಗುವಿನ ಮನೆಯಲ್ಲಿ ‘ಗೈ’ ಎಂದು ಬರೆದ ಕೂಡಲೇ ಆ ಸೂತ್ರ ದೋಷ ತೋರಿಸುತ್ತದೆ. =ಸಮ್(ಸಿ2:ಎಚ್2) ಎಂದರೆ ಅಕ್ಷರವನ್ನು ಬಿಟ್ಟು ಸಂಖ್ಯೆಗಳನ್ನಷ್ಟೇ ಕೂಡುತ್ತದೆ. ಸೂತ್ರಗಳ ಹೆಸರು ಮತ್ತು ಮನೆಗಳ ಗುರುತನ್ನು ಇಂಗ್ಲಿಷ್ ಕೀಲಿಯಲ್ಲೇ ಬರೆಯಬೇಕು ಎಂಬುದನ್ನು ನೆನಪಿಸುತ್ತಿರಿ, ಕನ್ನಡ ಕೀಲಿ ಹಾಗೆಯೇ ಉಳಿದು ಎಡವುವುದು ಸಾಮಾನ್ಯ.

ಶ್ರೇಣಿಗೆ ಇಫ್ ಒಳಗೆ ಇಫ್ ಪೋಣಿಸುವುದಕ್ಕಿಂತ ಪಕ್ಕದಲ್ಲೊಂದು ಪುಟ್ಟ ಕೋಷ್ಟಕ ಇಡುವುದು ಮೇಲು. ಎಲ್2ರಿಂದ ಎಲ್6ರವರೆಗೆ 0, 30, 50, 70, 90. ಅವುಗಳ ಎದುರು ಎಂ ಕಾಲಮ್‌ನಲ್ಲಿ ಸಿ, ಬಿ, ಬಿ ಪ್ಲಸ್, ಎ, ಎ ಪ್ಲಸ್. ಜೆ2ರಲ್ಲಿ =ವಿಲುಕಪ್(ಐ2;$ಎಲ್$2:$ಎಂ$6;2;1), ಇಂಗ್ಲಿಷಿನಲ್ಲಿ VLOOKUP. ಕೊನೆಯ 1 ಎಂದರೆ ಸರಿಸಮ ಸಂಖ್ಯೆ ಸಿಗದಿದ್ದರೆ ಅದಕ್ಕಿಂತ ಕೆಳಗಿನ ಹತ್ತಿರದ ಮೆಟ್ಟಿಲು ಹಿಡಿ ಎಂದು. ಹಾಗಾಗಿ ಕೋಷ್ಟಕ ಏರಿಕೆ ಕ್ರಮದಲ್ಲೇ ಇರಬೇಕು. ಡಾಲರ್ ಗುರುತು ಮರೆತರೆ ಏನಾಗುತ್ತದೆ ನೋಡಿ: ಸೂತ್ರವನ್ನು ಕೆಳಗೆ ಎಳೆದಂತೆ ಕೋಷ್ಟಕವೂ ಜಾರುತ್ತದೆ. ಮೂರನೆಯ ಸಾಲಿಗೆ 0ಯ ಮೆಟ್ಟಿಲು ಕೈತಪ್ಪುತ್ತದೆ, ಏಳನೆಯ ಸಾಲಿನಿಂದಾಚೆ ಎಲ್ಲರಿಗೂ ‘ಸಿಗಲಿಲ್ಲ’ ಎಂಬ ದೋಷ. ಶಿಬಿರದಲ್ಲಿ ಇದನ್ನು ಬೇಕೆಂದೇ ತಪ್ಪಾಗಿ ಮಾಡಿ ತೋರಿಸಿ, ಆಮೇಲೆ ಎಫ್4 ಒತ್ತಿ ಡಾಲರ್ ತರಿಸಿ.

ಇದಕ್ಕಿಂತ ಅಪಾಯದ್ದು ಸದ್ದಿಲ್ಲದೆ ಆಗುವ ತಪ್ಪು. ಮಗುವಿನ ಒಟ್ಟು 89.5. ದಶಮಾಂಶ ಕಾಣದಂತೆ ಫಾರ್ಮ್ಯಾಟ್ ಮಾಡಿದ್ದೀರಿ, ಮನೆಯಲ್ಲಿ 90 ಎಂದು ಕಾಣುತ್ತದೆ, ಪಕ್ಕದಲ್ಲಿ ಶ್ರೇಣಿ ಎ ಎಂದಿರುತ್ತದೆ. ಪೋಷಕರು ಕೇಳಿದರೆ ಉತ್ತರವಿಲ್ಲ. ಫಾರ್ಮ್ಯಾಟ್ ನೋಟವನ್ನು ಬದಲಿಸುತ್ತದೆಯೇ ಹೊರತು ಸಂಖ್ಯೆಯನ್ನಲ್ಲ. ನಿಮ್ಮ ಶಾಲೆ ಅನುಸರಿಸುವ ನಿಯಮದಲ್ಲಿ ಪೂರ್ಣಾಂಕ ಮಾಡುವುದಿದ್ದರೆ ಐ2ರಲ್ಲೇ =ರೌಂಡ್(ಸಮ್(ಸಿ2:ಎಚ್2);0) ಬರೆಯಿರಿ, ಇಲ್ಲವೇ ದಶಮಾಂಶವನ್ನು ಕಾಣುವಂತೆ ಬಿಡಿ.

ಜನ್ಮ ದಿನಾಂಕದ ವಿಷಯದಲ್ಲೂ ಹೀಗೆಯೇ. ಲೊಕೇಲ್ (ಯಾವ ದೇಶದ ರೂಢಿ ಎಂಬ ಸೆಟ್ಟಿಂಗ್) ಅಮೆರಿಕದ ಇಂಗ್ಲಿಷ್ ಆಗಿದ್ದರೆ 5/6/2014 ಎಂದು ಬರೆದದ್ದು ಮೇ 6 ಆಗುತ್ತದೆ. 13/6/2014 ದಿನಾಂಕವೇ ಅಲ್ಲ, ಬರೀ ಪಠ್ಯವಾಗಿ ಮನೆಯ ಎಡಕ್ಕೆ ಅಂಟಿಕೊಳ್ಳುತ್ತದೆ. ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅಲ್ಲಿಗೇ ಕೈ ನಿಲ್ಲಿಸಿ ಲೊಕೇಲ್ ಅನ್ನು ಭಾರತಕ್ಕೆ ಬದಲಿಸಿ, ದಿನಾಂಕಗಳನ್ನು ಹೊಸದಾಗಿ ತುಂಬಿ. ವರ್ಗಾವಣೆ ಪತ್ರದವರೆಗೆ ಹೋಗುವ ಮಾಹಿತಿ ಇದು. ಹೆಸರಿನ ಕಾಲಮ್ ಒಂದನ್ನೇ ಆರಿಸಿ ಅಕಾರಾದಿ ಮಾಡಲು ಹೊರಟರೆ ಆಯ್ಕೆಯನ್ನು ವಿಸ್ತರಿಸಲೇ ಎಂದು ಕ್ಯಾಲ್ಕ್ ಕೇಳುತ್ತದೆ. ಬೇಡ ಎಂದರೆ ಹೆಸರುಗಳು ಸರಿಯುತ್ತವೆ, ಅಂಕಗಳು ಇದ್ದಲ್ಲೇ ಉಳಿದು ಒಬ್ಬರ ಅಂಕ ಇನ್ನೊಬ್ಬರ ಪಾಲಾಗುತ್ತದೆ. ಅಂಕ ತುಂಬುವಾಗಿನ ಕೈತಪ್ಪಿಗೆ ಡೇಟಾ ಮೆನುವಿನ ವ್ಯಾಲಿಡಿಟಿ ಇದೆ: ಪೂರ್ಣಾಂಕ (ಅರ್ಧ ಅಂಕ ಬರುವುದಿದ್ದರೆ ದಶಮಾಂಶ), ಕನಿಷ್ಠ 0, ಗರಿಷ್ಠ ಆ ಪರೀಕ್ಷೆಯ ಅಂಕ, ಎರರ್ ಅಲರ್ಟ್‌ನಲ್ಲಿ ಸ್ಟಾಪ್. ಆಗ ‘ಗೈ’ ಎಂಬುದನ್ನೂ ಅದು ಒಪ್ಪುವುದಿಲ್ಲ, ಅಂಥ ಮನೆಗಳನ್ನು ಖಾಲಿ ಬಿಡಬೇಕು. ಸೊನ್ನೆ ಹಾಕಿದರೆ ಸರಾಸರಿ ಕುಸಿಯುತ್ತದೆ.

ಇಷ್ಟೂ ಶಿಕ್ಷಕರ ಕೊಠಡಿಯ ಕೆಲಸ. ಕ್ಯಾಲ್ಕ್ ತರಗತಿಗೆ ಹೋಗಬೇಕು ಎಂಬುದು ನಮ್ಮ ಆಗ್ರಹ. ಸಂಖ್ಯಾಶಾಸ್ತ್ರದ ಪಾಠದಲ್ಲಿ 10, 12, 14, 16, 18 ಬರೆದು ಆವರೇಜ್ ಮತ್ತು ಮೀಡಿಯನ್ ತೆಗೆಸಿ, ಎರಡೂ 14. ಈಗ 18ನ್ನು 48 ಮಾಡಿ. ಸರಾಸರಿ 20ಕ್ಕೆ ಹಾರುತ್ತದೆ, ಮಧ್ಯಾಂಕ 14ರಲ್ಲೇ ನಿಲ್ಲುತ್ತದೆ. ಕರಿಹಲಗೆಯ ಮೇಲೆ ಹತ್ತು ನಿಮಿಷ ಹಿಡಿಯುವ ಮಾತು ಮಕ್ಕಳ ಕಣ್ಣೆದುರು ಒಂದೇ ಕ್ಷಣದಲ್ಲಿ ಆಗುತ್ತದೆ, ‘ಇನ್ನೊಂದು ಸಂಖ್ಯೆ ಹಾಕಿ ನೋಡೋಣ ಸಾರ್’ ಎಂಬ ಮಾತು ಅವರಿಂದಲೇ ಹೊರಡುತ್ತದೆ. ಹಿಸ್ಟೋಗ್ರಾಮ್‌ಗೆ ಕಾಲಮ್ ಚಾರ್ಟ್ ಹಾಕಿ, ಕಂಬಗಳ ಮೇಲೆ ಬಲಕ್ಲಿಕ್ ಮಾಡಿ ಡೇಟಾ ಸೀರೀಸ್‌ನ ಆಪ್ಷನ್ಸ್‌ನಲ್ಲಿ ಸ್ಪೇಸಿಂಗ್ 0 ಕೊಡಿ. ಕಂಬಗಳ ನಡುವೆ ಸಂದಿ ಉಳಿದರೆ ಅದು ಸ್ತಂಭಾಲೇಖ, ಹಿಸ್ಟೋಗ್ರಾಮ್ ಅಲ್ಲ.

ಸ್ಲೈಡು ಮಾಡುವ ಇಂಪ್ರೆಸ್ ಪರವಾಗಿಲ್ಲ ಎನ್ನುವ ಮಟ್ಟದ್ದು. ಸಿದ್ಧ ವಿನ್ಯಾಸಗಳು ಸಪ್ಪೆ. ಒಂದು ಪಾಠಕ್ಕೆ ಐದಾರು ಸ್ಲೈಡ್ ಮೀರದಂತೆ, 28ಕ್ಕಿಂತ ಕಡಿಮೆ ಗಾತ್ರ ಬಳಸದಂತೆ ಹೇಳಿ. ಸಾಲುಗಳ ಅಂತರವನ್ನು ಪ್ರಪೋರ್ಷನಲ್ ಆಯ್ಕೆಯಲ್ಲಿ 115 ಶೇಕಡದಷ್ಟಕ್ಕೆ ಇಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಕುತ್ತದೆ. ವಿಡಿಯೋ ಸೇರಿಸುವಾಗ ಲಿಂಕ್ ಎಂಬ ಗುರುತು ತೆಗೆದಿರಿ, ಇಲ್ಲವಾದರೆ ಪೆನ್‌ಡ್ರೈವ್‌ಗೆ ಸ್ಲೈಡು ಬರುತ್ತದೆ, ವಿಡಿಯೋ ಮನೆಯಲ್ಲೇ ಉಳಿಯುತ್ತದೆ. ಫೈಲ್ ಪ್ರಾಪರ್ಟೀಸ್‌ನಲ್ಲಿ ಫಾಂಟನ್ನು ಕಡತದೊಳಗೇ ಅಡಕಿಸುವ ಆಯ್ಕೆಯಿದೆ, ಅದನ್ನೂ ಹಾಕಿ. ಪ್ರಗತಿಪತ್ರಕ್ಕೆ ಬೇಕಾಗುವ, ಪಟ್ಟಿಯಿಂದ ಒಬ್ಬೊಬ್ಬರ ವಿವರವನ್ನು ಒಂದೇ ನಮೂನೆಗೆ ತುಂಬುವ ಮೇಲ್ ಮರ್ಜ್ ಮೈಕ್ರೋಸಾಫ್ಟ್ ವರ್ಡ್‌ನಷ್ಟು ಸುಲಭವಿಲ್ಲ, ಮೊದಲ ತರಬೇತಿಯಲ್ಲಿ ಮುಟ್ಟಲೇಬೇಡಿ. ಬೇಸ್ ಎಂಬ ಡೇಟಾಬೇಸ್ ಭಾಗ ಶಾಲೆಗೆ ಬೇಕಿಲ್ಲ.

ಮೂರು ದಿನವಿದ್ದರೆ ಹೀಗೆ ಹಂಚಬಹುದು: ಅರ್ಧ ದಿನ ಕೀಲಿಮಣೆ ಮತ್ತು ಸೆಟ್ಟಿಂಗ್, ಅರ್ಧ ದಿನ ಪ್ರಶ್ನೆಪತ್ರಿಕೆ, ಒಂದೂವರೆ ದಿನ ಕ್ಯಾಲ್ಕ್, ಉಳಿದದ್ದು ಇಂಪ್ರೆಸ್. ಒಂದು ಯಂತ್ರಕ್ಕೆ ಇಬ್ಬರಿಗಿಂತ ಹೆಚ್ಚು ಬೇಡ, ಇಪ್ಪತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಲಿ. ಇಲ್ಲದಿದ್ದರೆ ಗೊತ್ತಿರುವವರು ಮಾಡುತ್ತಾರೆ, ಗೊತ್ತಿಲ್ಲದವರು ನೋಡುತ್ತಾರೆ. ಅಭ್ಯಾಸಕ್ಕೆ ಕಾಲ್ಪನಿಕ ಹೆಸರುಗಳ ಬದಲು ಅವರವರ ತರಗತಿಯ ಪಟ್ಟಿಯನ್ನೇ ತರಿಸಿ. ಕರೆಂಟ್ ಹೋಗುವ ಊರುಗಳಲ್ಲಿ ಆಪ್ಷನ್ಸ್‌ನ ಲೋಡ್/ಸೇವ್ ವಿಭಾಗದಲ್ಲಿ ಆಟೋರಿಕವರಿಯನ್ನು 10 ನಿಮಿಷದಿಂದ 3ಕ್ಕೆ ಇಳಿಸಿ.

ಮೈಕ್ರೋಸಾಫ್ಟ್ ಆಫೀಸ್ ಅಧಿಕೃತವಾಗಿಯೇ ಇರುವ ಶಾಲೆ ಅದನ್ನು ಬಿಟ್ಟು ಬರಬೇಕಾಗಿಲ್ಲ. ಇಲ್ಲಿ ಹೇಳಿದ ಸೂತ್ರಗಳೆಲ್ಲ ಎಕ್ಸೆಲ್‌ನಲ್ಲೂ ನಡೆಯುತ್ತವೆ, ಅರ್ಧವಿರಾಮದ ಬದಲು ಅಲ್ಪವಿರಾಮ ಹಾಕಿದರೆ ಆಯಿತು. ಗೂಗಲ್ ಶೀಟ್ಸ್ ನಾಲ್ಕಾರು ಜನ ಒಂದೇ ಪಟ್ಟಿ ತುಂಬಲು ಚೆನ್ನ, ಆದರೆ ನೆಟ್ ಕೈಕೊಟ್ಟ ದಿನ ಕಷ್ಟ. ಮೇಲಿನ ಕಚೇರಿಯಿಂದ ಮ್ಯಾಕ್ರೋ (ತಾನಾಗಿ ನಡೆಯುವ ಆದೇಶಗಳ ಸರಣಿ) ಇರುವ ಎಕ್ಸೆಲ್ ನಮೂನೆ ಬಂದರೆ ಅದನ್ನು ಲಿಬ್ರೆಆಫೀಸ್‌ನಲ್ಲಿ ತುಂಬಲು ಹೋಗಬೇಡಿ, ಎಕ್ಸೆಲ್ ಇರುವ ಯಂತ್ರದಲ್ಲೇ ಮುಗಿಸಿ. ಸಾದಾ ಕಡತಗಳನ್ನು ಕಳಿಸುವಾಗ ನಿಮ್ಮ ಮೂಲ ಪ್ರತಿ ಲಿಬ್ರೆಆಫೀಸ್‌ನ ಸ್ವಂತ ರೂಪದಲ್ಲಿರಲಿ, ಕಚೇರಿಗೆ ಹೋಗುವ ಪ್ರತಿಯನ್ನು ಸೇವ್ ಆ್ಯಸ್ ಮೂಲಕ ವರ್ಡ್ ಅಥವಾ ಎಕ್ಸೆಲ್ ರೂಪಕ್ಕೆ ತಂದು, ಮುಚ್ಚಿ ಮತ್ತೊಮ್ಮೆ ತೆರೆದು ಕೋಷ್ಟಕದ ಗೆರೆಗಳು ಸರಿಯಿವೆಯೇ ಎಂದು ನೋಡಿಯೇ ಕಳಿಸಿ.