ಪೋಸ್ಟ್‌ಫಿಕ್ಸ್: ಬಲ್ಕ್ ಮೇಲ್‌ಗೆ ವರ್ಷಗಟ್ಟಲೆ ಬಳಸಿದ ಮ್ಯಾಲ ನನ್ನ ಅನುಭವ

ಧಾರವಾಡ ಸಪ್ತಾಪುರದಾಗ ಒಂದು ಕೋಚಿಂಗ್ ಸೆಂಟರ್‌ನ ಮೇಲ್ ಸರ್ವರ್ ನಾನ ನೋಡ್ಕೋತೀನ್ರಿ. ಟೆಸ್ಟ್ ರಿಸಲ್ಟು, ಟೈಮ್‌ಟೇಬಲ್ಲು, ಕೆಪಿಎಸ್‌ಸಿ ನೋಟಿಫಿಕೇಶನ್ ಬಿತ್ತಂದ್ರ ಅದರ ಸುದ್ದಿ, ಲಾಗಿನ್ ಒಟಿಪಿ, ಎಲ್ಲಾ ಪೋಸ್ಟ್‌ಫಿಕ್ಸ್ ಅನ್ನೂ ಮೇಲ್ ಕಳಸೂ ಸಾಫ್ಟ್‌ವೇರ್‌ನಿಂದನ ಹೋಗ್ತಾವ. ಇದನ್ನ ತಗದು ಬ್ಯಾರೆ ಹಾಕಬೇಕು ಅಂತ ಒಮ್ಮೆನೂ ಅನ್ನಿಸಿಲ್ಲ.

ಭಾಳ ಮಂದಿ ಕೇಳೂದು, ಒಮ್ಮೆಗೆ ಎಷ್ಟು ಮೇಲ್ ಹೋಗಬೇಕನ್ನೂ ಲಿಮಿಟ್ ಎಷ್ಟಕ್ಕ ಏರಸಬೇಕು ಅಂತ. ಏರಸೂ ಗೊಡವಿಗೆ ಹೋಗಬ್ಯಾಡ್ರಿ. ಡಿಫಾಲ್ಟ್‌ನಾಗ ಒಂದು ಡೊಮೇನ್‌ಗೆ ಒಮ್ಮೆಗೆ 20 ಡೆಲಿವರಿ ತನಕ ಹೋಗ್ತೈತಿ, ಆಕ್ಟಿವ್ ಕ್ಯೂ, ಅಂದ್ರ ಈಗ ಕಳಸಾಕ ತಗೊಂಡ ಮೇಲ್‌ಗಳ ಸಾಲು, 20,000 ಮೇಲ್ ಹಿಡಿತೈತಿ, ನಮ್ಮಂಥವರಿಗೆ ಅದ ಹೆಚ್ಚು. ನಮ್ಮ ಹುಡುಗರದು ಹೆಚ್ಚೂಕಡಿಮಿ ಎಲ್ಲಾ ಜಿಮೇಲ್ ಅಡ್ರೆಸ್ಸ, ಹಿಂಗಾಗಿ ಎಲ್ಲಾ ಮೇಲೂ ಒಂದ ಬಾಗಿಲಕ್ಕ ಹೋಗಿ ನಿಂದರ್ತಾವ, ಅಲ್ಲಿ ಜೋರು ಮಾಡಿದಷ್ಟೂ 421 (ಈಗ ಬ್ಯಾಡ, ಆಮ್ಯಾಲ ಬರ್ರಿ) ಅಂತ ತಿರುಗಿ ಡಿಫರ್ಡ್ ಕ್ಯೂದಾಗ, ಅಂದ್ರ ಮತ್ತ ಕಳಸಾಕ ಕಾಯೂ ಸಾಲಿನಾಗ, ಬೀಳ್ತಾವ. ನಾ ಬಲ್ಕ್‌ಗೆ (ಭಾಳ ಮಂದಿಗೆ ಒಮ್ಮೆಗೆ ಹೋಗೂ ಮೇಲ್‌ಗೆ) ಮಾಸ್ಟರ್ ಡಾಟ್ ಸಿಎಫ್ ಅನ್ನೂ ಸೆಟ್ಟಿಂಗ್ ಫೈಲ್‌ನಾಗ ಬ್ಯಾರೆ ಟ್ರಾನ್ಸ್‌ಪೋರ್ಟ್ (ಕಳಸೂ ದಾರಿ) ಮಾಡಿ ಕನ್ಕರೆನ್ಸಿ, ಅಂದ್ರ ಒಮ್ಮೆಗೆ ಆಗೂ ಡೆಲಿವರಿ, ಇಳಿಸೇನಿ, ನಿಧಾನ ಹೋದ್ರೂ ಇನ್‌ಬಾಕ್ಸ್ ಮುಟ್ತಾವ.

ಖರೇ ಹೇಳಬೇಕಂದ್ರ ಇದರ ದೊಡ್ಡ ಗುಣ ಪೋಸ್ಟ್‌ಮಲ್ಟಿ ಅನ್ನೂ ಕಮಾಂಡ್. ಒಂದ ಮಷಿನ್‌ನಾಗ ಎರಡು ಪೋಸ್ಟ್‌ಫಿಕ್ಸ್, ಬಲ್ಕ್‌ಗೊಂದು ಒಟಿಪಿಗೊಂದು, ಕ್ಯೂನೂ ಬ್ಯಾರೆ, ಐಪಿನೂ ಬ್ಯಾರೆ. ಟ್ರಾನ್ಸ್‌ಪೋರ್ಟ್ ಬ್ಯಾರೆ ಮಾಡಿದ್ರ ಸಾಕಲ್ಲ ಅಂತೀರಿ, ಆದ್ರ ಆಕ್ಟಿವ್ ಕ್ಯೂ ಒಂದ ಇರ್ತೈತಿ, ಬಲ್ಕ್ ತುಂಬಿ ಕುಂತಾಗ ಒಟಿಪಿ ಹೊರಗ ಕಾಯಬೇಕಾಗ್ತೈತಿ. ಇನ್ನೊಂದು, ಹೋಗದ ಮೇಲ್‌ನ ಪೋಸ್ಟ್‌ಫಿಕ್ಸ್ 5 ದಿನ ಇಟ್ಕೊಂಡು ಮತ್ತ ಮತ್ತ ಕಳಸ್ತೈತಿ, ನೋಟಿಫಿಕೇಶನ್‌ಗೆ ಅದು ಚಲೋ, ಆದ್ರ ಮರುದಿನ ಬಂದ ಒಟಿಪಿ ತಗೊಂಡು ಹುಡುಗ ಏನ್ ಮಾಡ್ತಾನ? ಒಟಿಪಿ ಕಡೆ ಅದನ್ನ 10 ನಿಮಿಷಕ್ಕ ಇಳಿಸೇನಿ, ರೀಟ್ರೈ ಟೈಮೂ ಕಡಿಮಿ ಮಾಡೇನಿ. ಹಾವೇರಿ, ಗದಗ ಕಡೆಯಿಂದ ಬಂದು ಪಿಜಿನಾಗ ಇದ್ದು ಓದೂ ಹುಡುಗರು ಆನ್‌ಲೈನ್ ಟೆಸ್ಟ್‌ಗೆ ಕುಂತಾಗ ಲಾಗಿನ್ ಆಗಲಿಲ್ಲಂದ್ರ ಅವರ ಟೆಸ್ಟ್ ಹೋದಂಗ, ಅದಕ್ಕ ಇಷ್ಟು ಜೀವ ತೇಯೂದು.

ಕೊರತಿ ಅಂದ್ರ ಡಿಕೆಐಎಂ ಸಹಿ (ಮೇಲ್ ನಮ್ಮ ಡೊಮೇನ್‌ದ ಅಂತ ತೋರಸೂ ಡಿಜಿಟಲ್ ಸಹಿ) ತಾನ ಮಾಡೂದಿಲ್ಲ, ಓಪನ್‌ಡಿಕೆಐಎಂನಂಥ ಬ್ಯಾರೆ ಸಾಫ್ಟ್‌ವೇರ್ ಜೋಡಿಸಬೇಕು. ಅದನ್ನ ಬಿಡಾಕ ಬರೂದಿಲ್ಲ, 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕ 5,000ರ ಮ್ಯಾಲ ಕಳಸವರಿಗೆ ಎಸ್‌ಪಿಎಫ್ (ಯಾವ ಸರ್ವರ್ ನಮ್ಮ ಹೆಸರಲೆ ಕಳಸಬಹುದು ಅನ್ನೂ ಪಟ್ಟಿ), ಡಿಕೆಐಎಂ, ಡಿಮಾರ್ಕ್ (ಇವೆರಡೂ ತಪ್ಪಿದ ಮೇಲ್‌ಗೆ ಏನ್ ಮಾಡಬೇಕು ಅನ್ನೂ ಸೂಚನೆ) ಮೂರೂ ಬೇಕ, ಸ್ಪ್ಯಾಮ್ ಕಂಪ್ಲೇಂಟ್ 0.3% ಮುಟ್ಟಬಾರದು, ಪ್ರಚಾರದ ಮೇಲ್‌ನಾಗ ಒಂದ ಕ್ಲಿಕ್ಕಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು. ಐಪಿಗೆ ಪಿಟಿಆರ್ (ಐಪಿಯಿಂದ ಸರ್ವರ್ ಹೆಸರು ತೋರಸೂ ದಾಖಲೆ) ಹಾಕಸ್ರಿ. ವಿಪಿಎಸ್ (ಬಾಡಿಗಿ ಸರ್ವರ್) ತಗೊಳ್ಳೂ ಮುಂಚೆ ಮೇಲ್ ಹೋಗೂ 25ನೇ ಪೋರ್ಟ್ ತಗದಾರೋ ಇಲ್ಲೋ ಕೇಳ್ರಿ, ಭಾಳ ಕಡೆ ಮುಚ್ಚಿರ್ತಾರ.

ಡ್ಯಾಶ್‌ಬೋರ್ಡ್ ಬೇಕನ್ನವರಿಗೆ ಇದು ಸರಿ ಹೋಗೂದಿಲ್ಲ. ನನಗ ಕ್ಯೂಶೇಪ್ ಕಮಾಂಡ್ ಸಾಕು, ಯಾವ ಡೊಮೇನ್‌ನಾಗ ಎಷ್ಟು ಮೇಲ್ ಎಷ್ಟೊತ್ತಿಂದ ನಿಂತಾವ ಅಂತ ಒಂದ ಟೇಬಲ್‌ನಾಗ ತೋರಸ್ತೈತಿ. ಐದಕ್ಕ ನಾಲ್ಕೂವರಿ ಸ್ಟಾರ್.