ಭೂಕಂಪಕ್ಕೆ ಯಾವ ಅಳತೆಗೋಲು: ರಿಕ್ಟರ್ ಅಥವಾ ಮೊಮೆಂಟ್?

ಭೂಕಂಪದ ಗಾತ್ರ ಅಳೆಯಲು ರಿಕ್ಟರ್, ಮೊಮೆಂಟ್ ಎರಡರಲ್ಲಿ ಯಾವ ಮಾಪಕ ಬಳಸಬೇಕು ಅಂತ ಕೇಳಿದ್ದೀರಿ. ಮೊದಲು ಭೂಕಂಪ ಎಷ್ಟು ದೊಡ್ಡದು ನೋಡಿ.

ಬೇಗ ಲೆಕ್ಕ ಸಿಗಬೇಕಾದರೆ 1935ರ ರಿಕ್ಟರ್ ಮಾಪಕವೇ ಸುಲಭ. ನೆಲದ ನಡುಕ ದಾಖಲಿಸುವ ಸೀಸ್ಮೋಗ್ರಾಫ್‌ನಲ್ಲಿ ಅಲೆ ಎಷ್ಟು ಎತ್ತರ ಹೋಯಿತು, ಭೂಕಂಪದ ಕೇಂದ್ರ ಎಷ್ಟು ದೂರ, ಇಷ್ಟು ಸಾಕು. ಮೊದಲು ತಲುಪುವ ಪಿ ಅಲೆ ಮತ್ತು ನಿಧಾನವಾಗಿ ಬರುವ ಎಸ್ ಅಲೆ ಬಂದ ಸಮಯದ ಅಂತರದಿಂದಲೇ ಆ ದೂರ ಸಿಗುತ್ತದೆ. ಹತ್ತಿರದ ಸಣ್ಣ ನಡುಕಗಳಿಗೆ ಇದು ಈಗಲೂ ಚೆನ್ನಾಗಿ ಒಗ್ಗುತ್ತದೆ.

ಆದರೆ 7ರ ಆಸುಪಾಸಿನಲ್ಲಿ ಮುಗ್ಗರಿಸುತ್ತದೆ. ಭೂಕಂಪ ಇನ್ನೂ ದೊಡ್ಡದಿದ್ದರೂ ಅಂಕಿ ಹೆಚ್ಚು ಮೇಲೇರುವುದಿಲ್ಲ. ಅಲ್ಲಿ 1979ರ ಮೊಮೆಂಟ್ ಮಾಪಕ ಬೇಕು. ಬಿರುಕಿನ ವಿಸ್ತಾರ, ಬಂಡೆ ಜಾರಿದ ದೂರ, ಅದರ ಬಿಗಿತನ ಮೂರನ್ನೂ ಗುಣಿಸಿ ಲೆಕ್ಕ ಹಾಕುತ್ತಾರೆ. 1960ರ ಚಿಲಿ ಭೂಕಂಪದ 9.5 ಈ ಮಾಪಕದ್ದೇ. ಕೆಲಸ ಮಾತ್ರ ಜಾಸ್ತಿ. ತೀರಾ ಸಣ್ಣ ನಡುಕಕ್ಕೆ ಸುಮ್ನೆ ತಲೆನೋವು. ಅಂದಹಾಗೆ, ಸುದ್ದಿಯಲ್ಲಿ ಎರಡನ್ನೂ ‘ರಿಕ್ಟರ್’ ಅಂತಲೇ ಹೇಳಿಬಿಡುತ್ತಾರೆ, ಅಲ್ವಾ?