ದಿನವಿಡೀ ಚಾರ್ಜರ್‌ನಲ್ಲೇ ಇರುವ ಲ್ಯಾಪ್‌ಟಾಪ್: ಬಳ್ಳಾರಿ ಬಿಸಿಲಲ್ಲಿ ಮೂರು ಬೇಸಿಗೆ

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಎಂಬ್ರಾಯ್ಡರಿ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಲ್ಯಾಪ್‌ಟಾಪ್ ಲೆನೊವೊ ಐಡಿಯಾಪ್ಯಾಡ್. ಬೆಳಿಗ್ಗೆ ಅಂಗಡಿ ತೆಗೆದಾಗ ಚಾರ್ಜರ್ ಹಾಕಿದರೆ, ತೆಗೆಯುವುದು ರಾತ್ರಿಯೇ.

"ಹಂಗ ಹಾಕಿಟ್ರೆ ಬ್ಯಾಟರಿ ಹೋಗ್ತೈತಣ್ಣ" ಎನ್ನುವವರು ಬಹಳ ಮಂದಿ. ಆದರೆ ಚಾರ್ಜರ್ ಹಾಕಿಡುವುದೇ ತಪ್ಪಲ್ಲ. ಬ್ಯಾಟರಿ ತುಂಬಿದ ಮೇಲೆ ಲ್ಯಾಪ್‌ಟಾಪ್ ಅಡಾಪ್ಟರ್ ಕರೆಂಟಿನಲ್ಲೇ ನಡೆಯುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸವೆಸುವುದು ಚಾರ್ಜ್ ಸದಾ ಶೇ. 100ರಲ್ಲೇ ನಿಂತಿರುವುದು ಮತ್ತು ಬಿಸಿ. ಎರಡೂ ಸೇರಿದರೆ ಇನ್ನೂ ಬೇಗ ಸವೆಯುತ್ತದೆ. ನಮ್ಮೂರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮಾಮೂಲು. ಹಾಗಾಗಿ ಈ ಮಾತು ಬೆಂಗಳೂರಿನವರಿಗಿಂತ ನಮಗೆ ಜಾಸ್ತಿ ಮುಖ್ಯ.

ಈ ಲ್ಯಾಪ್‌ಟಾಪ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೆನೊವೊ ವ್ಯಾಂಟೇಜ್ ಆ್ಯಪ್‌ನ ಕನ್ಸರ್ವೇಶನ್ ಮೋಡ್. ಆನ್ ಮಾಡಿದರೆ ನನ್ನದರಲ್ಲಿ ಚಾರ್ಜ್ 80ಕ್ಕೆ ನಿಲ್ಲುತ್ತದೆ. ಕೆಲವು ಹಳೆಯ ಮಾಡೆಲ್‌ಗಳಲ್ಲಿ 60ಕ್ಕೇ ನಿಲ್ಲುತ್ತದೆ. ಬೇರೆ ಹಲವು ಕಂಪನಿಯವುಗಳಲ್ಲೂ ಇಂಥದ್ದು ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ. ಕೊಂಡಾಗಿನಿಂದ ಇದನ್ನು ಆನ್ ಇಟ್ಟಿದ್ದೇನೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದರೆ ಹೊಸದರಲ್ಲಿದ್ದ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡನ್ನೂ ತೋರಿಸುತ್ತದೆ. ನನ್ನದು ಇನ್ನೂ ಶೇ. 90ರ ಆಸುಪಾಸಿನಲ್ಲಿದೆ. ಮೂರು ಬೇಸಿಗೆ ಕಂಡ ಬ್ಯಾಟರಿಗೆ ಇದು ನಿಜಕ್ಕೂ ಒಳ್ಳೆಯದು.

ಕರೆಂಟ್ ಹೋದಾಗ 80 ಸಾಲುತ್ತಾ? ಕೈಲಿದ್ದ ಡಿಸೈನ್ ಮುಗಿಸಿ ಸೇವ್ ಮಾಡಲು ಧಾರಾಳವಾಗಿ ಸಾಲುತ್ತದೆ. ಆದರೆ ಚಾರ್ಜರ್ ಇಲ್ಲದಾಗ ವೇಗ ಇಳಿಯುತ್ತದೆ. ಚಾರ್ಜ್ ಉಳಿಸಲೆಂದು ಪ್ರೊಸೆಸರ್‌ಗೆ ಸಿಗುವ ಪವರನ್ನು ಲ್ಯಾಪ್‌ಟಾಪೇ ಕಡಿಮೆ ಮಾಡುತ್ತದೆ. ಹೊಲಿಗೆ ಜಾಸ್ತಿ ಇರುವ ದೊಡ್ಡ ಫೈಲ್ ತೆರೆದರೆ ಇದು ಗೊತ್ತಾಗುತ್ತದೆ. ಅಂಥ ಕೆಲಸ ನಾನು ಕರೆಂಟ್ ಇದ್ದಾಗಲೇ ಮಾಡುವುದು, ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟು.

ಚಾರ್ಜರ್ ಮಾತ್ರ ಜೊತೆಗೆ ಬಂದದ್ದೇ ಇರಲಿ. ನನ್ನದು 65 ವ್ಯಾಟ್. ಗೆಳೆಯನ 45 ವ್ಯಾಟ್‌ನದು ಹಾಕಿ ನೋಡಿದೆ. ಕೆಲಸದ ಹೊರೆ ಹೆಚ್ಚಾದಾಗ ಪ್ಲಗ್ ಹಾಕಿದ್ದರೂ ಚಾರ್ಜ್ ಇಳಿಯುತ್ತಿತ್ತು.

ಜೀನ್ಸ್ ಬಟ್ಟೆಯ ಜುಂಗು ಲ್ಯಾಪ್‌ಟಾಪ್ ಒಳಗಿನ ಫ್ಯಾನಿಗೆ ದೊಡ್ಡ ಶತ್ರು. ಗಾಳಿ ಆಡದಿದ್ದರೆ ಪ್ರೊಸೆಸರ್ ಬಿಸಿಯಾಗಿ ತಾನೇ ನಿಧಾನವಾಗುತ್ತದೆ, ಬ್ಯಾಟರಿಗೂ ಆ ಬಿಸಿ ತಟ್ಟುತ್ತದೆ. ಬೇಸಿಗೆಗೆ ಮುಂಚೆ ತಪ್ಪದೆ ಕ್ಲೀನ್ ಮಾಡಿಸುತ್ತೇನೆ. ಬಟ್ಟೆ ರಾಶಿ ಮೇಲೆ ಲ್ಯಾಪ್‌ಟಾಪ್ ಇಡುವುದೇ ಇಲ್ಲ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಂತೆ ಕಂಡರೆ ಒಳಗಿನ ಬ್ಯಾಟರಿ ಊದಿರಬಹುದು, ಸುಮ್ನೆ ಒತ್ತಬೇಡಿ. ತಕ್ಷಣ ಆಫ್ ಮಾಡಿ ಸರ್ವೀಸ್‌ಗೆ ಕೊಡಿ.

ಒಂದೇ ಕಡೆ ಕೂತು ಕೆಲಸ ಮಾಡುವವರಿಗೆ ಈ ಲ್ಯಾಪ್‌ಟಾಪ್ ಧೈರ್ಯವಾಗಿ ಹೇಳುತ್ತೇನೆ. ದಿನಾ ಹೊಸಪೇಟೆಗೆ ಓಡಾಡುವವರು ಹೊರಡುವ ಮುಂಚೆ ಕನ್ಸರ್ವೇಶನ್ ಮೋಡ್ ಆಫ್ ಮಾಡಿ 100 ತುಂಬಿಸಿಕೊಳ್ಳಿ, ಬಂದ ಮೇಲೆ ಮತ್ತೆ ಆನ್ ಮಾಡಿ.